ಚಾರ್ಜ್ ಇದೆ, ಲೈಟೂ ಇದೆ

ಬ್ಯಾಟರಿಗೆ ಮೀಟರ್ ಹಿಡಿದರೆ 14.1 ವೋಲ್ಟ್. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಹಿಡಿದರೆ 12.6. ಹೊಸದಾಗಿ ಕೂರಿಸಿದ ಡೈನಮೋ ಚಾರ್ಜ್ ಮಾಡುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಉರಿಯುತ್ತಲೇ ಇದೆ. ಮಂಕಾಗಿ ಅಲ್ಲ, ಪೂರ್ತಿ ಕೆಂಪಗೆ. ಚಾರ್ಜ್ ಇಲ್ಲದಾಗ ಉರಿಯಬೇಕಾದ ದೀಪ ಚಾರ್ಜ್ ಇದ್ದಾಗಲೂ ಉರಿಯುವುದೇಕೆ? ಎರಡರಲ್ಲೊಂದು ಸುಳ್ಳು ಹೇಳುತ್ತಿರಬೇಕೆಂದು ಬೇರೆ ಮೀಟರ್ ತಂದು ನೋಡಿದ್ದಾಯಿತು. ಅದೂ 14.1 ಅಂದಿತು.

ಗಾಡಿ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಹಳೆಯ ಡೀಸೆಲ್ ಜೀಪು. ತೆಗೆದದ್ದು 36 ಆಂಪಿಯರಿನ ಡೈನಮೋ. ಕೂರಿಸಿದ್ದು 90 ಆಂಪಿಯರಿನದು. (ಆಲ್ಟರ್ನೇಟರ್ ಎಂದು ಬರೆಯಬೇಕು. ಆದರೆ ಗ್ಯಾರೇಜಿನಲ್ಲಿ ಎಲ್ಲರೂ ಡೈನಮೋ ಅನ್ನುವುದರಿಂದ ಇಲ್ಲಿಯೂ ಹಾಗೆಯೇ ಇರಲಿ.)

*

ಅಷ್ಟು ದೊಡ್ಡದು ಬೇಕಿತ್ತೇ? ಲೆಕ್ಕ ಹಾಕಿದೆ. ಹೆಡ್‌ಲೈಟ್ ಎರಡು, ತಲಾ 55 ವಾಟ್. ಮಂಜಿಗೆಂದು ಕೆಳಗೆ ಕಟ್ಟಿದ ಫಾಗ್ ಲ್ಯಾಂಪ್ ಎರಡು, ಅವೂ 55. ರಾತ್ರಿ ಚೀಲ ತುಂಬುವಾಗ ಬೆಳಕಿರಲೆಂದು ಹಿಂದಕ್ಕೆ ತಿರುಗಿಸಿದ ಇನ್ನೆರಡು. ಒಟ್ಟು 330 ವಾಟ್. 13.5 ವೋಲ್ಟಿನಿಂದ ಭಾಗಿಸಿದರೆ 24 ಆಂಪಿಯರಿಗೆ ಮೇಲೆ. ಅದರ ಮೇಲೆ ವೈಪರ್, ಹಿಂದಿನ ದೀಪ, ಹಾರ್ನು, ಮೊಬೈಲ್ ಚಾರ್ಜು.

36 ಆಂಪಿಯರ್ ಸಾಕಲ್ಲ ಅನ್ನಿಸುತ್ತದೆ. ಆದರೆ ಡೈನಮೋ ಮೇಲೆ ಬರೆದ ಅಂಕಿ ಅದು ವೇಗವಾಗಿ ಸುತ್ತುವಾಗಿನದು. ಇಂಥ ಅಂಕಿಯನ್ನು ಅಳೆಯುವುದು ಡೈನಮೋ ನಿಮಿಷಕ್ಕೆ 6000 ಸುತ್ತು ತಿರುಗುವಾಗ. ಜೀಪು ಸ್ಲೋನಲ್ಲಿ ನಿಂತಾಗ ಎಂಜಿನ್ ಸುತ್ತು 750ರ ಆಸುಪಾಸು. ಪುಲ್ಲಿಯ ಲೆಕ್ಕದಲ್ಲಿ ಡೈನಮೋ ಅದರ ಎರಡು, ಎರಡೂಕಾಲು ಪಟ್ಟು ಸುತ್ತುತ್ತದೆ. ಬರೆದಿದ್ದರ ಅರ್ಧವೂ ಆಗ ಸಿಗುವುದಿಲ್ಲ. ಆಷಾಢದ ಮಳೆಯಲ್ಲಿ ಎಲ್ಲ ದೀಪ ಹಾಕಿಕೊಂಡು ಫಸ್ಟ್ ಗೇರಿನಲ್ಲಿ ಏರು ಹತ್ತುವ ಜೀಪು ಬ್ಯಾಟರಿಯ ಗಂಟನ್ನೇ ತಿನ್ನುತ್ತಿತ್ತು. ಬೆಳಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಮಲಗುವ ಅಭ್ಯಾಸ ತೋಟದವರಿಗೆ ಬಂದಿದ್ದು ಹೀಗೆ. ಬದಲಾಯಿಸಿದ್ದರಲ್ಲಿ ತಪ್ಪೇನಿಲ್ಲ.

*

ಬ್ಯಾಟರಿ ಚಿತ್ರ ನೋಡಿ, ಈ ದೀಪ ಬ್ಯಾಟರಿಯ ಆರೋಗ್ಯ ಹೇಳುತ್ತದೆ ಎಂದು ನಂಬಿದವರೇ ಹೆಚ್ಚು. ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳಿದ್ದು ಬೇರೆ. "ಬ್ಯಾಟರಿ ವಿಷಯ ಅದಕ್ಕೆ ಏನೂ ಗೊತ್ತಿಲ್ಲ. ಈ ಕಡೆ ಎಷ್ಟು, ಆ ಕಡೆ ಎಷ್ಟು, ಅಷ್ಟೇ ಅದರ ಕೆಲಸ."

ಹಳೆಯ ಪದ್ಧತಿಯ ಗಾಡಿಗಳಲ್ಲಿ ಬಲ್ಬಿನ ಒಂದು ಕಾಲು ಇಗ್ನಿಷನ್ ಕೀ ದಾಟಿ ಬಂದ ಬ್ಯಾಟರಿ ಕರೆಂಟಿಗೆ, ಇನ್ನೊಂದು ಕಾಲು ಡೈನಮೋದ ಸಣ್ಣ ಟರ್ಮಿನಲ್ಲಿಗೆ. ಕೆಲವದರಲ್ಲಿ ಅದಕ್ಕೆ ಡಿ ಪ್ಲಸ್ ಎಂದು ಬರೆದಿರುತ್ತದೆ, ಕೆಲವದರಲ್ಲಿ ಐಎನ್‌ಡಿ, ಕೆಲವದರಲ್ಲಿ 61, ಕೆಲವದರಲ್ಲಿ ಎಲ್. ಕೀ ತಿರುಗಿಸಿದಾಗ ಡೈನಮೋ ಸುತ್ತುತ್ತಿಲ್ಲ, ಆ ತುದಿ ಹೆಚ್ಚುಕಡಿಮೆ ಅರ್ತ್ ಆದಂತೆ. ಬಲ್ಬಿನ ಒಂದು ಕಡೆ 12, ಇನ್ನೊಂದು ಕಡೆ ಒಂದೋ ಎರಡೋ. ಉರಿಯುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಡೈನಮೋದ ತುದಿಯೂ 14ಕ್ಕೆ ಏರುತ್ತದೆ. ಎರಡೂ ತೊಟ್ಟಿಯ ನೀರಿನ ಮಟ್ಟ ಒಂದೇ ಆದರೆ ನಡುವಿನ ಪೈಪಿನಲ್ಲಿ ನೀರು ಹರಿಯದು. ಬಲ್ಬು ಆ ಪೈಪಿನಲ್ಲಿ ಕೂತಿದೆ. ಆರುತ್ತದೆ.

ಅದನ್ನು ಯಾರೂ ಆರಿಸುವುದಿಲ್ಲ. ಎರಡು ಕಡೆ ಸಮವಾದ್ದರಿಂದ ಆರುತ್ತದೆ. ಇದು ತಲೆಗೆ ಹೋದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಡೈನಮೋ ಬದಲಾಯಿಸಿದಾಗ ಸಮ ತಪ್ಪಿದ್ದು ಎಲ್ಲಿ ಎಂದು ಹುಡುಕಬೇಕು.

*

ಇನ್ನೊಂದು ಆಶ್ಚರ್ಯ. ಆ ಬಲ್ಬು ಬರೀ ನೋಡುಗನಲ್ಲ.

ಡೈನಮೋ ಒಳಗಿನ ರೋಟರ್ ಅಯಸ್ಕಾಂತವಾಗಬೇಕಾದರೆ ಅದರ ಸುರುಳಿಗೆ ಮೊದಲು ಒಂದಿಷ್ಟು ಕರೆಂಟ್ ಕೊಡಬೇಕು. ಕೊಡುವವರು ಯಾರು? ಈ ಬಲ್ಬೇ. 2.2 ವಾಟಿನ ಬಲ್ಬಿನ ಮೂಲಕ 12 ವೋಲ್ಟಿನಲ್ಲಿ ಹರಿಯುವುದು 0.18 ಆಂಪಿಯರ್. ಅಷ್ಟು ಸಾಕು, ರೋಟರ್ ಎಚ್ಚರವಾಗುತ್ತದೆ. ಸುತ್ತಲು ಶುರುವಾದ ಮೇಲೆ ಒಳಗಿನ ಮೂರು ಸಣ್ಣ ಡಯೋಡ್‌ಗಳು ಡೈನಮೋ ತಾನೇ ಹುಟ್ಟಿಸಿದ ಕರೆಂಟನ್ನು ರೋಟರಿಗೆ ಉಣಿಸುತ್ತವೆ. ಬಲ್ಬಿನ ಹಂಗು ಅಲ್ಲಿಗೆ ಮುಗಿಯಿತು. ಇಂಥವನ್ನು ಒಂಬತ್ತು ಡಯೋಡಿನ ಡೈನಮೋ ಅನ್ನುತ್ತಾರೆ: ಬ್ಯಾಟರಿಗೆ ಆರು, ರೋಟರಿಗೆ ಮೂರು.

ಬಲ್ಬು ಸುಟ್ಟುಹೋದರೆ? ಎಚ್ಚರಿಕೆಯೂ ಇಲ್ಲ, ಚಾರ್ಜೂ ಇಲ್ಲ. ಗಾಡಿಯನ್ನು ಜೋರಾಗಿ ರೇಸ್ ಮಾಡಿದಾಗ ರೋಟರಿನಲ್ಲಿ ಅಳಿದುಳಿದ ಅಯಸ್ಕಾಂತ ಶಕ್ತಿಯಿಂದ ಕೆಲವೊಮ್ಮೆ ಹತ್ತಿಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ. ಐದು ರೂಪಾಯಿ, ಹತ್ತು ರೂಪಾಯಿಯ ಬಲ್ಬೊಂದು ಸಾವಿರಾರು ರೂಪಾಯಿಯ ಡೈನಮೋ ನಡೆಸಲು ಬೇಕೇಬೇಕು ಎಂದು ಎಷ್ಟು ಜನರಿಗೆ ಗೊತ್ತು? ಕೀ ತಿರುಗಿಸಿದಾಗ ಕೆಂಪು ದೀಪ ಬರಲೇಬೇಕು, ಬಾರದಿದ್ದರೆ ಅಲ್ಲಿಂದಲೇ ಪರೀಕ್ಷೆ ಶುರು. ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇದನ್ನು ಲೈಸೆನ್ಸ್ ಕೊಡುವ ಮುಂಚೆಯೇ ಕಲಿಸಬೇಕೆಂದು ನನಗನ್ನಿಸುತ್ತದೆ.

*

ಎಲ್‌ಇಡಿ ಹಾಕಿದವರ ಕಥೆ. ಅಂಬಾಸಡರ್ ಇಟ್ಟುಕೊಂಡ ಒಬ್ಬರು ಡ್ಯಾಶ್‌ಬೋರ್ಡ್ ಚೆಂದ ಕಾಣಲೆಂದು ಒಳಗಿನ ಬಲ್ಬನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿದರು. ಅದೇ ವಾರ ಡೈನಮೋವನ್ನೂ ದೊಡ್ಡದು ಮಾಡಿದರು. ಸ್ಟಾರ್ಟ್ ಆದ ಮೇಲೂ ಕೆಂಪು ದೀಪ ಹೋಗದು. ಒಮ್ಮೆ ಜೋರಾಗಿ ರೇಸ್ ಕೊಟ್ಟರೆ ತಟ್ಟನೆ ಆರುತ್ತದೆ, ಮತ್ತೆ ಗಾಡಿ ನಿಲ್ಲಿಸುವವರೆಗೆ ಬರುವುದಿಲ್ಲ. ಎಲ್ಲರೂ ಹೊಸ ಡೈನಮೋವನ್ನು ಬಯ್ದರು.

ಎಲ್‌ಇಡಿ ಕುಡಿಯುವುದು 10–20 ಮಿಲಿ ಆಂಪಿಯರ್. ಬಲ್ಬು ಕೊಡುತ್ತಿದ್ದುದರ ಹತ್ತನೇ ಒಂದು ಪಾಲು. ರೋಟರಿಗೆ ಅದು ಸಾಲದು. ಮೇಸ್ತ್ರಿ ಎಲ್‌ಇಡಿಯ ಎರಡು ಕಾಲಿಗೆ ಸಮಾನಾಂತರವಾಗಿ 68 ಓಮಿನ ರೆಸಿಸ್ಟರ್ ಬೆಸುಗೆ ಹಾಕಿದರು. 12 ವೋಲ್ಟಿನಲ್ಲಿ ಅದರಲ್ಲಿ 0.18 ಆಂಪಿಯರ್, ಹಳೆಯ ಬಲ್ಬಿನಷ್ಟೇ. ಎರಡು ವಾಟಿನ ಮೇಲೆ ಶಾಖ ಹುಟ್ಟುವುದರಿಂದ ಐದು ವಾಟಿನ ರೆಸಿಸ್ಟರೇ ಬೇಕು. ಸಣ್ಣದು ಹಾಕಿದರೆ ಮೀಟರ್ ಬೋರ್ಡಿನ ಪ್ಲಾಸ್ಟಿಕ್ ಸುಡುತ್ತದೆ. ಕೀ, ಸೆಲ್ಫ್, ಎಂಜಿನ್, ದೀಪ ಆರಿತು. ರೇಸ್ ಬೇಕಾಗಲಿಲ್ಲ.

*

ಜೀಪಿಗೆ ವಾಪಸ್ಸು. ಇಲ್ಲಿ ಬಲ್ಬು ಹಳೆಯದೇ, ಚಾರ್ಜೂ ಆಗುತ್ತಿದೆ. ಹಾಗಿದ್ದೂ ದೀಪ.

ಹೊಸ ಡೈನಮೋದ ಬೆನ್ನಿಗೆ ಮೂರು ಪಿನ್ನಿನ ಸಾಕೆಟ್ ಇದೆ. ಟೊಯೋಟಾ ಗಾಡಿಗಳಲ್ಲೆಲ್ಲ ಕಾಣುವ ಜಪಾನಿ ಪದ್ಧತಿ: ಐಜಿ, ಎಸ್, ಎಲ್. ಹಳೆಯ ಡೈನಮೋಕ್ಕೆ ಸಣ್ಣ ವೈರು ಇದ್ದದ್ದು ಒಂದೇ. ಮೊದಲು ಕೂರಿಸಿದವರು ಆ ಒಂದನ್ನು ಎಲ್‌ಗೆ ಕೊಟ್ಟಿದ್ದಾರೆ, ಕೀಯಿಂದ ಒಂದು ಹೊಸ ವೈರು ಎಳೆದು ಐಜಿಗೆ ಕೊಟ್ಟಿದ್ದಾರೆ. ಎಸ್ ಖಾಲಿ. ಚಾರ್ಜ್ ಬಂತು, ಕೆಲಸ ಮುಗಿಯಿತು ಎಂದು ಸಾಕೆಟ್ ಒತ್ತಿ ಕಳಿಸಿದ್ದಾರೆ.

ಈ ಜಾತಿಯದರ ಒಳಗೆ ಮೂರು ಸಣ್ಣ ಡಯೋಡಿನ ವ್ಯವಸ್ಥೆ ಇಲ್ಲ. ಐಜಿ ಪಿನ್ನಿನಿಂದ, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಎಚ್ಚರವಾಗುತ್ತದೆ, ರೋಟರಿಗೆ ಕರೆಂಟ್ ಅದೇ ಕೊಡುತ್ತದೆ. ಎಲ್ ಪಿನ್ನಿನ ಹಿಂದೆ ಒಂದು ಸ್ವಿಚ್ಚು ಇದೆ. ಏನಾದರೂ ಎಡವಟ್ಟಾಗಿದೆ ಎಂದು ರೆಗ್ಯುಲೇಟರಿಗೆ ಅನ್ನಿಸಿದರೆ ಅದು ದೀಪದ ಕಾಲನ್ನು ಅರ್ತಿಗೆ ಕಟ್ಟುತ್ತದೆ. ಇಲ್ಲಿ ದೀಪ ಯಾವ ಸಮವನ್ನೂ ಅಳೆಯುತ್ತಿಲ್ಲ. ಒಳಗಿನವನೊಬ್ಬ ಬೇಕೆಂದೇ ಹಚ್ಚುವ ದೀಪ ಅದು.

ಹಾಗಾದರೆ ಅವನಿಗೆ ಅನ್ನಿಸಿದ್ದೇನು? ಎಸ್ ಎಂದರೆ ಬ್ಯಾಟರಿಯ ಬಳಿ ನಿಜವಾಗಿ ಎಷ್ಟು ವೋಲ್ಟ್ ಇದೆ ಎಂದು ನೋಡುವ ಕಣ್ಣು. ಆ ಪಿನ್ನು ಖಾಲಿ ಬಿಟ್ಟರೆ ಈ ಪದ್ಧತಿಯ ಎಷ್ಟೋ ರೆಗ್ಯುಲೇಟರುಗಳು ಡೈನಮೋದಿಂದ ಬ್ಯಾಟರಿಗೆ ಕರೆಂಟ್ ಹೋಗುವ ದೊಡ್ಡ ಸ್ಟಡ್ಡಿನ ವೋಲ್ಟೇಜನ್ನೇ ನೋಡಿಕೊಂಡು ಚಾರ್ಜನ್ನು ಅಂದಾಜಿನ ಮೇಲೆ ನಡೆಸುತ್ತವೆ. ಜೊತೆಗೆ ದೀಪ ಹಚ್ಚಿ, ಬ್ಯಾಟರಿ ನನಗೆ ಕಾಣುತ್ತಿಲ್ಲ ಎಂದು ತಿಳಿಸುತ್ತವೆ. 14.1 ಎಂದ ಮೀಟರೂ ಸರಿ, ಉರಿದ ದೀಪವೂ ಸರಿ. ಸುಳ್ಳು ಹೇಳಿದವರು ಯಾರೂ ಇಲ್ಲ.

ಮೇಸ್ತ್ರಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಸಣ್ಣ ವೈರನ್ನು, ತುದಿಯಲ್ಲೇ ಫ್ಯೂಸ್ ಕೂರಿಸಿ, ಎಸ್‌ಗೆ ಕೊಟ್ಟರು. ಡೈನಮೋದ ಸ್ಟಡ್ಡಿನಿಂದಲೇ ಗಿಡ್ಡ ವೈರು ಸುತ್ತಿ ಕೊಟ್ಟರೂ ದೀಪ ಆರುತ್ತದಂತೆ. "ಆರುತ್ತೆ ಗೌಡ್ರೇ, ಆದ್ರೆ ಕಣ್ಣನ್ನ ಮೂಗಿನ ಹತ್ರ ಇಟ್ಟಂಗೆ. ದಾರೀಲಿ ಎಷ್ಟು ಸೋರ್ತು ಅಂತ ಅದಕ್ಕೆ ಕಾಣಬೇಕಲ್ವಾ." ಬ್ಯಾಟರಿಯ ಕಂಬದಿಂದಲೇ ಎಳೆದರೆ ಕೇಬಲಿನಲ್ಲಿ ಅರ್ಧ ವೋಲ್ಟ್ ಕಳೆದರೂ ಡೈನಮೋ ಅರ್ಧ ವೋಲ್ಟ್ ಹೆಚ್ಚು ಹುಟ್ಟಿಸಿ ಸರಿದೂಗಿಸುತ್ತದೆ.

ಐಜಿಯನ್ನು ನೇರ ಬ್ಯಾಟರಿಗೆ ಕಟ್ಟಿದವರೂ ಇದ್ದಾರೆ. ಗಾಡಿ ನಿಂತಾಗಲೂ ರೆಗ್ಯುಲೇಟರ್ ಎಚ್ಚರವಾಗಿಯೇ ಇರುತ್ತದೆ, ಬ್ಯಾಟರಿ ಇಳಿಯುತ್ತದೆ. ಅದು ಕೀ ದಾಟಿಯೇ ಬರಬೇಕು.

*

ಒಂದೇ ಕೆಂಪು ದೀಪ, ಒಂದೇ ಚಿತ್ರ, ಒಳಗೆ ಎರಡು ಬೇರೆ ಬೇರೆ ಬಾಳು. ಡೈನಮೋ ಬದಲಾಯಿಸುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಆಂಪಿಯರ್ ಎಂಬುದಲ್ಲ. ಈಗ ಇರುವುದು ಯಾವ ಜಾತಿ, ತರುವುದು ಯಾವ ಜಾತಿ? ಅಂಗಡಿಯವರಿಗೂ ಗಿರಾಕಿಗೂ ಆಂಪಿಯರಿನ ಅಂಕಿಯ ಮೇಲೆಯೇ ಮೋಹ. ಹಿಂಬದಿಯ ಪಿನ್ನುಗಳ ಮೇಲೆ ಬರೆದ ಅಕ್ಷರಗಳನ್ನು ಓದುವವರು ಕಡಿಮೆ. ತೆಗೆದುಕೊಳ್ಳುವಾಗ ಅವುಗಳ ಫೋಟೋ ಹಿಡಿದು ವೈರಿಂಗ್ ಮಾಡುವವರಿಗೆ ತೋರಿಸಿದರೆ ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

*

ಮದುವೆ ಟ್ರಿಪ್ಪಿನ ವ್ಯಾನು. ಹಾಡಿನ ಆಂಪ್ಲಿಫೈಯರ್, ಒಳಗೆಲ್ಲ ಬಣ್ಣದ ದೀಪದ ಸರ. ಒಂಬತ್ತು ಡಯೋಡಿನ ದೊಡ್ಡ ಡೈನಮೋ ಹಾಕಿಸಿದ್ದಾರೆ. ಚಾಲಕನ ದೂರು ವಿಚಿತ್ರವಾಗಿತ್ತು: "ಹಗಲು ಏನೂ ಇಲ್ಲ ಅಣ್ಣ. ರಾತ್ರಿ ಹಾಡು ಜೋರು ಮಾಡಿದ್ರೆ ಲೈಟು ಮಂಕಾಗಿ ಬರುತ್ತೆ. ಹಾಡು ಕಡಿಮೆ ಮಾಡಿದ್ರೆ ಹೋಗುತ್ತೆ."

ಕತ್ತಲಾದ ಮೇಲೆ ಮೇಸ್ತ್ರಿ ಎಲ್ಲವನ್ನೂ ಹಾಕಿಸಿ ಅಳೆದರು. ಡೈನಮೋದ ಸ್ಟಡ್ಡಿನ ಮೇಲೆ 14.3. ಬ್ಯಾಟರಿಯಲ್ಲಿ 13.6. ಕೀ ದಾಟಿ ದೀಪಕ್ಕೆ ಬರುವ ವೈರಿನಲ್ಲಿ 12.6. ದೀಪದ ಡೈನಮೋ ಕಡೆಯ ಕಾಲು ಸ್ಟಡ್ಡಿನಷ್ಟೇ, 14.3. ಎರಡು ಕಾಲಿನ ನಡುವೆ 1.7 ವೋಲ್ಟ್ ವ್ಯತ್ಯಾಸ. ಕತ್ತಲಲ್ಲಿ ಆ ಬಲ್ಬಿನ ತಂತಿ ಮಬ್ಬುಗೆಂಪಾಗಲು ಅಷ್ಟು ಸಾಕು. ಹಗಲೂ ಅಷ್ಟೇ ಹೊರೆ ಹಾಕಿದರೆ ಉರಿಯುತ್ತಿತ್ತು, ಬಿಸಿಲಿಗೆ ಕಾಣುತ್ತಿರಲಿಲ್ಲ.

ಇಲ್ಲಿ ಕರೆಂಟು ಹಿಂದುಮುಂದಾಗಿ ಹರಿಯುತ್ತಿದೆ! ಚಾರ್ಜ್ ಇಲ್ಲದಾಗ ಬ್ಯಾಟರಿಯಿಂದ ಡೈನಮೋ ಕಡೆಗೆ, ಈಗ ಡೈನಮೋದಿಂದ ಬ್ಯಾಟರಿ ಕಡೆಗೆ. ಬಲ್ಬಿಗೆ ದಿಕ್ಕಿನ ಭೇದವಿಲ್ಲ. ಪೂರ್ತಿ ಉರಿಯುವ ದೀಪ ಒಂದು ಮಾತು ಹೇಳಿದರೆ ಮಂಕಾಗಿ ಉರಿಯುವುದು ಸಾಮಾನ್ಯವಾಗಿ ಬೇರೆಯದನ್ನೇ ಹೇಳುತ್ತಿರುತ್ತದೆ. ಎಲ್ಲೋ ದಾರಿಯಲ್ಲಿ ವೋಲ್ಟೇಜ್ ಸೋರುತ್ತಿದೆ, ಇಲ್ಲವೇ ದೊಡ್ಡ ಡಯೋಡೊಂದು ಕೈಕೊಟ್ಟಿದೆ.

ವ್ಯಾನಿನ ಹಳೆಯ ಚಾರ್ಜಿಂಗ್ ಕೇಬಲ್ 6 ಸ್ಕ್ವೇರ್ (ಚದರ ಮಿಲಿಮೀಟರ್), ಉದ್ದ ಎರಡು ಮೀಟರ್. ತಾಮ್ರದ ಲೆಕ್ಕದಲ್ಲಿ ಅದರ ತಡೆ 0.0058 ಓಮ್. ಹಳೆಯ ಡೈನಮೋ 35 ಆಂಪಿಯರ್ ಕಳಿಸುವಾಗ ಕಳೆಯುತ್ತಿದ್ದುದು 0.2 ವೋಲ್ಟ್, ಯಾರೂ ಗಮನಿಸುವಂಥದ್ದಲ್ಲ. ಹೊಸದು 80 ಕಳಿಸುವಾಗ 0.47. ಮೀಟರ್ ತೋರಿಸಿದ್ದು 0.7, ಉಳಿದದ್ದು ಕೇಬಲ್ ತುದಿಯ ಪಾಚಿಗಟ್ಟಿದ ಲಗ್ಗುಗಳಲ್ಲಿ ಕಳೆಯುತ್ತಿತ್ತು. ಕೈಯಿಟ್ಟರೆ ವೈರು ಬಿಸಿ. ಬಿಸಿಯಾಗದೆ ಏನು, ಎರಡು ಮೀಟರ್ ವೈರಿನಲ್ಲಿ 37 ವಾಟ್ ಶಾಖ! 25 ಸ್ಕ್ವೇರ್ ಹಾಕಿದರೆ ಇದೇ ನಷ್ಟ 0.11 ವೋಲ್ಟಿಗೆ ಇಳಿಯುತ್ತದೆ, ಶಾಖ ಒಂಬತ್ತು ವಾಟಿಗೆ.

ಡೈನಮೋ ಹಿಗ್ಗಿಸಿ ವೈರು ಹಾಗೆಯೇ ಬಿಡುವುದು ನಾನು ಎಲ್ಲಕ್ಕಿಂತ ಹೆಚ್ಚು ಕಂಡ ಅರೆಕೆಲಸ. ಇದರಿಂದ ದೀಪ ಉರಿದರೆ ಪುಣ್ಯ. ದೀಪ ಉರಿಯದೆ ವೈರೇ ಉರಿದ ಗಾಡಿಗಳೂ ಇವೆ. ದಪ್ಪ ಕೇಬಲ್ ಹಾಕುವಾಗ ಬ್ಯಾಟರಿಯ ಪಕ್ಕದಲ್ಲೇ, ಡೈನಮೋದ ಗರಿಷ್ಠಕ್ಕಿಂತ ತುಸು ಮೇಲಿನ ಫ್ಯೂಸ್ ಬೇಕು. ಕೇಬಲ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ಬ್ಯಾಟರಿಯ ಇಡೀ ಶಕ್ತಿ ಅದರ ಮೂಲಕ ನುಗ್ಗುತ್ತದೆ, ತಡೆಯುವುದು ಆ ಫ್ಯೂಸ್ ಒಂದೇ.

ಇನ್ನೊಂದು ವೋಲ್ಟ್, 13.6ಕ್ಕೂ 12.6ಕ್ಕೂ ನಡುವಿನದು? ಅದು ಕೀ ಸ್ವಿಚ್ಚಿನಲ್ಲಿ. ಬಣ್ಣದ ದೀಪ, ಹಾಡು ಎಲ್ಲದರ ಕರೆಂಟೂ ಕೀ ಮೂಲಕವೇ ಹೋಗುತ್ತಿತ್ತು. ಅವನ್ನು ರಿಲೇ ಹಾಕಿ ಬ್ಯಾಟರಿಯಿಂದ ನೇರ ಕೊಟ್ಟ ಮೇಲೆ ಕೀ ಹಗುರಾಯಿತು. ಚಾಲಕ ಹಾಡು ಹಾಕಿ, ತಲೆ ಸ್ಟಿಯರಿಂಗ್ ಕೆಳಗೆ ತೂರಿಸಿ, ಎರಡೂ ಕೈಯಿಂದ ಬೆಳಕಿಗೆ ಮರೆಮಾಡಿ ನೋಡಿದ. ದೀಪ ಇಲ್ಲ.

*

ಸ್ಲೋನಲ್ಲಿ ಮಾತ್ರ ಬರುವ ದೀಪ. ರೇಸ್ ಕೊಟ್ಟರೆ ಹೋಗುತ್ತದೆ, ಸಿಗ್ನಲಿನಲ್ಲಿ ನಿಂತರೆ ಬರುತ್ತದೆ. ಇದಕ್ಕೆ ವೈರಿಗಿಂತ ಪುಲ್ಲಿ ಕಾರಣ. ದೊಡ್ಡ ಆಂಪಿಯರಿನ ಡೈನಮೋ ಚಾರ್ಜಿಗೆ ಬರಲು ಒಂದು ಕನಿಷ್ಠ ವೇಗ ಬೇಕು, ಅದು ಹಳೆಯದಕ್ಕಿಂತ ಹೆಚ್ಚಿರಬಹುದು. ಜೊತೆಗೆ ಬಂದ ಪುಲ್ಲಿ ಹಳೆಯದಕ್ಕಿಂತ ದಪ್ಪವಾಗಿದ್ದರೆ ಡೈನಮೋ ಇನ್ನೂ ನಿಧಾನ ಸುತ್ತುತ್ತದೆ. ಹಳೆಯ ಪುಲ್ಲಿಯನ್ನೋ ಅದಕ್ಕಿಂತ ಸಣ್ಣದನ್ನೋ ಹಾಕಿದರೆ ಸರಿಹೋಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ತೀರಾ ಸಣ್ಣದು ಹಾಕಿದರೆ ಹೈವೇಯಲ್ಲಿ ಡೈನಮೋ ತನ್ನ ಮಿತಿ ಮೀರಿ ಸುತ್ತುತ್ತದೆ, ಆ ಎಚ್ಚರ ಬೇಕು.

ಬೆಲ್ಟಿನ ಪಾಡೂ ನೋಡಬೇಕು. 100 ಆಂಪಿಯರನ್ನು 14 ವೋಲ್ಟಿಗೆ ಗುಣಿಸಿದರೆ 1400 ವಾಟ್. ಡೈನಮೋ ತಾನು ತಿಂದದ್ದನ್ನೆಲ್ಲ ಕರೆಂಟ್ ಮಾಡುವುದಿಲ್ಲ, ಐದರಲ್ಲಿ ಮೂರು ಪಾಲು ಮಾಡಿದರೆ ಹೆಚ್ಚು. ಅಂದರೆ ಎಂಜಿನ್ನಿನಿಂದ ಎಳೆಯುವುದು ಮೂರು ಅಶ್ವಶಕ್ತಿಗೂ ಮೇಲೆ. ನಮ್ಮ ಕಡೆಯ ಬಾವಿಯ ಪಂಪ್‌ಸೆಟ್ಟಿನಷ್ಟು ಭಾರವನ್ನು ಒಂದೇ ಒಂದು ವಿ-ಬೆಲ್ಟ್, ಪುಲ್ಲಿಗೆ ಅರ್ಧ ಸುತ್ತೂ ಅಪ್ಪಿಕೊಳ್ಳದೆ, ಹೊರಬೇಕು. ಮಳೆ ನೀರು ಸಿಡಿದರೆ ಜಾರುತ್ತದೆ, ಕಿರುಚುತ್ತದೆ, ದೀಪ ಮಿಣುಕುತ್ತದೆ. ಜೀಪಿಗೆ 120 ಆಂಪಿಯರಿನದು ಬೇಡ, ಈಗಿರುವ 90 ಸಾಕು ಎಂದು ಮೇಸ್ತ್ರಿ ಹಟ ಹಿಡಿದದ್ದು ಇದಕ್ಕೇ.

*

ಹಿಂದಿನದು ಸ್ವಲ್ಪ. ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಎಲ್ಲ ಗಾಡಿಗೂ ಸೇರಿಸಿ ಕೊಟ್ಟದ್ದು 1960ರಲ್ಲಿ. ಬ್ರಿಟನ್ನಿನ ಎಂಜಿಬಿ ಕಾರು ಹಳೆಯ, ನಿಜವಾದ ಡೈನಮೋ ಬಿಟ್ಟು ಆಲ್ಟರ್ನೇಟರಿಗೆ ಬಂದದ್ದು 1967ರ ಕೊನೆಯ ಮಾರ್ಕ್ 2 ಮಾದರಿಯಲ್ಲಿ. ಆಗಲೇ ಅದರ ಅರ್ತ್ ಪ್ಲಸ್ಸಿನಿಂದ ಮೈನಸ್ಸಿಗೆ ತಿರುಗಿತು. ಲುಕಾಸ್ ಮತ್ತು ಟಿವಿಎಸ್ ಸೇರಿ 1961ರಲ್ಲಿ ಶುರುಮಾಡಿದ ಲುಕಾಸ್-ಟಿವಿಎಸ್ ಕಂಪನಿಯ ಹೆಸರು ನಮ್ಮಲ್ಲಿ ಸೆಲ್ಫ್, ಡೈನಮೋ ರಿಪೇರಿ ಅಂಗಡಿಗಳ ಬೋರ್ಡಿನ ಮೇಲೆ ಈಗಲೂ ಕಾಣುತ್ತದೆ.

ನಿಜವಾದ ಡೈನಮೋ ಇದ್ದ ಗಾಡಿಗೆ ಆಲ್ಟರ್ನೇಟರ್ ಹಾಕುವವರು ಇಂದಿಗೂ ಇದ್ದಾರೆ, ಹಳೆಯ ಕಾರಿನ ಅಕ್ಕರೆಯವರು. ಅಲ್ಲಿ ಬಾನೆಟ್ ಕೆಳಗೆ ಕಟ್‌ಔಟ್ ಡಬ್ಬಿಯೊಂದು ಇರುತ್ತದೆ, ಅದೇ ಹಳೆಯ ರೆಗ್ಯುಲೇಟರ್. ಅದನ್ನು ಸರ್ಕ್ಯೂಟಿನಿಂದ ಬಿಡಿಸಬೇಕು. ನೋಟಕ್ಕೆ ಇರಲಿ ಎಂದು ಡಬ್ಬಿ ಉಳಿಸಿದರೂ ವೈರುಗಳು ಅದರೊಳಗೆ ಹೋಗಬಾರದು. ಹೋದರೆ ದೀಪ ಏನು ಬೇಕಾದರೂ ಮಾಡುತ್ತದೆ. ಪ್ಲಸ್ ಅರ್ತಿನ ಗಾಡಿಯಾದರೆ ಬ್ಯಾಟರಿಯನ್ನು ಮೊದಲು ಮೈನಸ್ ಅರ್ತಿಗೆ ತಿರುಗಿಸಬೇಕು. ತಿರುಗಿಸದೆ ಆಲ್ಟರ್ನೇಟರ್ ಜೋಡಿಸಿದ ಕ್ಷಣವೇ ಡಯೋಡುಗಳು ಸುಟ್ಟುಹೋಗುತ್ತವೆ.

ಆಂಪಿಯರ್ ಮೀಟರ್ ಇದ್ದ ಗಾಡಿಗಳಲ್ಲಿ ಚಾರ್ಜಿನ ಇಡೀ ಕರೆಂಟ್ ಡ್ಯಾಶ್‌ಬೋರ್ಡಿಗೆ ಬಂದು ಹೋಗುತ್ತದೆ. 30 ಆಂಪಿಯರಿಗೆ ಮಾಡಿದ ಮೀಟರಿನ ಮೂಲಕ 90 ಕಳಿಸುವುದು ಬೆಂಕಿಗೆ ಕೊಟ್ಟ ಕರೆ. ಅದನ್ನು ತಪ್ಪಿಸಿ ವೋಲ್ಟ್ ಮೀಟರ್ ಹಾಕಿಸಿಕೊಳ್ಳುವುದೇ ಲೇಸು.

*

ಒಂದೇ ವೈರಿನ ಡೈನಮೋ. ಅಮೆರಿಕದ ಹಳೆಯ ಕಾರುಗಳವರಿಗೆ ಇದು ಇಷ್ಟ. ದೊಡ್ಡ ಸ್ಟಡ್ಡು ಒಂದೇ, ಸಣ್ಣ ಪಿನ್ನಿನ ಗೊಡವೆ ಇಲ್ಲ. ತನ್ನೊಳಗೆ ಉಳಿದ ಅಯಸ್ಕಾಂತ ಶಕ್ತಿಯಿಂದಲೇ, ಒಂದು ವೇಗ ದಾಟಿದ ಮೇಲೆ, ತಾನೇ ಎದ್ದುಕೊಳ್ಳುತ್ತದೆ. ದೀಪದ ವೈರಿಗೆ ಅಲ್ಲಿ ಜಾಗವೇ ಇಲ್ಲ. ಅನಾಥವಾದ ಆ ವೈರನ್ನು ಬಾಡಿಗೆ ತಾಗಿಸಿಟ್ಟರೆ ದೀಪ ಸದಾ ಉರಿಯುತ್ತದೆ, ಗಾಳಿಯಲ್ಲಿ ಬಿಟ್ಟರೆ ಎಂದೂ ಉರಿಯದು. ಎರಡೂ ಒಂದೇ, ದೀಪ ಸತ್ತಂತೆ. ನಾನಾದರೆ ಅಂಥದ್ದನ್ನು ಕೊಳ್ಳುವುದಿಲ್ಲ. ದೀಪದ ಟರ್ಮಿನಲ್ ಇರುವುದನ್ನೇ ಹುಡುಕುತ್ತೇನೆ.

*

ಕೀ ತೆಗೆದರೂ ನಿಲ್ಲದ ಎಂಜಿನ್! ಕೇಳಿದಾಗ ದೆವ್ವದ ಕಥೆ ಅನ್ನಿಸಿತು. ಬಲ್ಬು ಇಲ್ಲದ ಗಾಡಿಯಲ್ಲಿ ಕೀಯಿಂದ ಡೈನಮೋಕ್ಕೆ ನೇರ ವೈರು ಎಳೆದಿದ್ದಾರೆ. ಕೀ ತೆಗೆದ ಮೇಲೂ ಡೈನಮೋ ಸುತ್ತುತ್ತಿದೆ, ಅದರ ಸಣ್ಣ ಟರ್ಮಿನಲ್ಲಿನ 14 ವೋಲ್ಟ್ ಅದೇ ವೈರಿನಲ್ಲಿ ಹಿಂದಕ್ಕೆ ಹರಿದು ಇಗ್ನಿಷನ್ ಕಾಯಿಲಿಗೆ ಹೋಗುತ್ತದೆ. ಎಂಜಿನ್ ಡೈನಮೋವನ್ನು ಸುತ್ತಿಸುತ್ತದೆ, ಡೈನಮೋ ಎಂಜಿನ್ನನ್ನು ಬದುಕಿಸುತ್ತದೆ. ಬಲ್ಬು ಇದ್ದಿದ್ದರೆ ಅದರ ತಡೆಯಿಂದ ಅಷ್ಟು ಕರೆಂಟ್ ಹಿಂದೆ ಬರುತ್ತಲೇ ಇರಲಿಲ್ಲ. ಮದ್ದು ಸುಲಭ: ಆ ವೈರಿನಲ್ಲಿ ಒಂದು ಡಯೋಡ್, ಅದರ ಬಿಳಿ ಪಟ್ಟಿ ಡೈನಮೋ ಕಡೆಗೆ ಮುಖ ಮಾಡಿ. ಬಲ್ಬನ್ನೇ ವಾಪಸ್ಸು ಕೂರಿಸಿದರೆ ಇನ್ನೂ ಒಳ್ಳೆಯದು, ಕಾವಲೂ ಸಿಕ್ಕಿತು ಎಚ್ಚರಿಕೆಯೂ ಸಿಕ್ಕಿತು.

*

"ಬಲ್ಬು ಕಿತ್ತಾಕ್ಬಿಡಿ ಮೇಸ್ತ್ರಿ, ಚಾರ್ಜ್ ಆಗ್ತಿದೆಯಲ್ಲ." ಈ ಮಾತನ್ನು ಎಷ್ಟು ಬಾರಿ ಕೇಳಿದೆನೋ. ಕಪ್ಪು ಟೇಪು ಅಂಟಿಸಿಕೊಂಡು ಓಡಾಡುವ ಗಾಡಿಗಳೂ ಇವೆ. ಇದು ನನಗೆ ಸಂಕಟ ತರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬೆಲ್ಟ್ ಹರಿದರೆ, ಬಹಳಷ್ಟು ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಸುತ್ತಿಸುವುದರಿಂದ, ಎಂಜಿನ್ ಕಾದು ಸೀಯುವ ಮೊದಲೇ ಕೂಗಿ ಹೇಳುವುದು ಈ ಕೆಂಪು ದೀಪ. ಶಾಖದ ಮುಳ್ಳು ಏಳಲು ಹೊತ್ತು ಬೇಕು, ದೀಪಕ್ಕೆ ಕ್ಷಣವೂ ಬೇಡ. ಅದನ್ನು ಕಿತ್ತವರು ಎಂಜಿನ್ನಿನ ಕಾವಲುಗಾರನನ್ನೇ ಕಳಿಸಿಬಿಟ್ಟಿದ್ದಾರೆ.

*

ದೀಪಕ್ಕೆ ಕಾಣದವು ಕೂಡ ಇವೆ, ಅವನ್ನೂ ಬರೆದಿಡಬೇಕು.

ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ತುಕ್ಕು ಹಿಡಿದರೆ ಬ್ಯಾಟರಿಗೆ ಚಾರ್ಜ್ ಸಾಲದು, ಆದರೆ ಸಾದಾ ಬಲ್ಬಿಗೆ ಅದು ತಿಳಿಯದು. ಅದರ ಎರಡು ಕಾಲೂ ಪ್ಲಸ್ ಕಡೆಯವು. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 16 ದಾಟಿದರೆ ಬ್ಯಾಟರಿ ಕುದಿಯುತ್ತದೆ, ಹೆಡ್‌ಲೈಟ್ ಸುಡುತ್ತದೆ, ಹಳೆಯ ಪದ್ಧತಿಯ ದೀಪ ಮಾತ್ರ ಆರಿಯೇ ಇರುತ್ತದೆ. ಎರಡು ಕಡೆಯೂ ಒಟ್ಟಿಗೇ ಏರಿತಲ್ಲ, ವ್ಯತ್ಯಾಸವೆಲ್ಲಿ? ಬ್ಯಾಟರಿಯ ಒಂದು ಸೆಲ್ ಸತ್ತರೂ ಅಷ್ಟೇ. ಆದ್ದರಿಂದ ಡೈನಮೋ ಬದಲಾಯಿಸಿದ ಮೇಲೆ ದೀಪ ಆರಿತೆಂದು ಕೈ ತೊಳೆದುಕೊಳ್ಳದೆ, ಎಲ್ಲ ಹೊರೆಯನ್ನೂ ಹಾಕಿ ಎರಡು ಕಡೆ ಅಳೆಯಬೇಕು: ಸ್ಟಡ್ಡಿನಿಂದ ಬ್ಯಾಟರಿ ಪ್ಲಸ್ಸಿಗೆ, ಡೈನಮೋದ ಮೈಯಿಂದ ಬ್ಯಾಟರಿ ಮೈನಸ್ಸಿಗೆ. ಮೊದಲನೆಯದು 0.3 ವೋಲ್ಟಿನೊಳಗೆ, ಎರಡನೆಯದು 0.2ರೊಳಗೆ ಇದ್ದರೆ ಮೇಸ್ತ್ರಿ ಒಪ್ಪುತ್ತಾರೆ.

ಎಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು ಡೈನಮೋ ಪರೀಕ್ಷೆ ಮಾಡುವ ಹಳೆಯ ಚಾಳಿ ಇನ್ನೂ ಹೋಗಿಲ್ಲ. ಆಗ ಹತ್ತಾರು ವೋಲ್ಟಿನ ಅಲೆ ಏಳುತ್ತದೆ, ಹೊಸ ರೆಗ್ಯುಲೇಟರ್ ಅಲ್ಲೇ ಸಾಯುತ್ತದೆ. ಮೀಟರ್ ಅಗ್ಗಕ್ಕೇ ಸಿಗುತ್ತದೆ, ದಯವಿಟ್ಟು ಹಾಗೆ ಮಾಡಬಾರದು.

*

ಹೊಸ ಕಾರುಗಳದು ಬೇರೆಯದೇ ಲೋಕ. ದೀಪಕ್ಕೆ ಡೈನಮೋದಿಂದ ವೈರೇ ಬರುವುದಿಲ್ಲ. ಗಾಡಿಯ ಕಂಪ್ಯೂಟರ್ ಡೈನಮೋಕ್ಕೆ ಇಷ್ಟು ವೋಲ್ಟ್ ಹುಟ್ಟಿಸು ಎಂದು ಆಜ್ಞೆ ಕೊಡುತ್ತದೆ, ಉತ್ತರಕ್ಕೆ ಕಾಯುತ್ತದೆ. ಜನರಲ್ ಮೋಟರ್ಸಿನ ಹಲವು ಗಾಡಿಗಳಲ್ಲಿ ಆಜ್ಞೆ ಹೋಗುವುದು 5 ವೋಲ್ಟಿನ, ಸೆಕೆಂಡಿಗೆ 128 ಬಾರಿ ಬಡಿಯುವ ಮಿಡಿತದ ರೂಪದಲ್ಲಿ. ಮಿಡಿತ ಅಗಲವಾದಷ್ಟೂ ವೋಲ್ಟೇಜ್ ಹೆಚ್ಚು. ಇನ್ನೂ ಹೊಸವುಗಳಲ್ಲಿ ಲಿನ್ ಎಂಬ ಒಂಟಿ ವೈರಿನ ಮೇಲೆ ಅಂಕಿಗಳ ಮಾತುಕತೆಯೇ ನಡೆಯುತ್ತದೆ. ಹೊರಗಿನಿಂದ ತಂದ ದೊಡ್ಡ ಡೈನಮೋ ಆ ಭಾಷೆ ಆಡದಿದ್ದರೆ ಅದು ತನ್ನ ಪಾಡಿಗೆ ಚೆನ್ನಾಗಿಯೇ ಚಾರ್ಜ್ ಮಾಡುತ್ತಿರಬಹುದು, ಆದರೆ ಕಂಪ್ಯೂಟರಿಗೆ ಉತ್ತರ ಬರಲಿಲ್ಲ. ಪಿ0620, ಪಿ0622ರಂಥ ಕೋಡು ಬರೆದು ದೀಪ ಹಚ್ಚುತ್ತದೆ. ಕೋಡ್ ಅಳಿಸಿದರೆ ಮತ್ತೆ ಬರುತ್ತದೆ. ಇಲ್ಲಿ ರೆಸಿಸ್ಟರ್, ಡಯೋಡ್, ದಪ್ಪ ಕೇಬಲ್ ಯಾವುದೂ ನಡೆಯದು. ಆ ಮಾದರಿಗೆಂದೇ, ಅದೇ ಮಾತಾಡುವ ರೆಗ್ಯುಲೇಟರ್ ಇರುವ ಡೈನಮೋ ತರಬೇಕು. ಸಿಗದಿದ್ದರೆ ಆಸೆ ಬಿಡಬೇಕು. 2015ರಲ್ಲಿ ಮಾರುತಿ ಸಿಯಾಜ್ ಎಸ್‌ಎಚ್‌ವಿಎಸ್ ತಂದಂಥ, ಸ್ಟಾರ್ಟರೂ ತಾನೇ ಡೈನಮೋವೂ ತಾನೇ ಆದ ಯಂತ್ರಗಳನ್ನಂತೂ ಮುಟ್ಟದಿರುವುದೇ ಸರಿ.

ಕಂಪ್ಯೂಟರ್ ಆಳುವ ಹೊಸ ಕಾರೊಂದಕ್ಕೆ ಒಬ್ಬರು ಅದೇ ಮಾದರಿಯ ದೊಡ್ಡ ಡೈನಮೋವನ್ನೇ ತಂದು, ಶ್ರದ್ಧೆಯಿಂದ ದಪ್ಪ ಕೇಬಲ್ ಎರಡೂ ಕಡೆಗೆ ಹಾಕಿಸಿದ್ದರು. ಆದರೂ ಕೆಲವು ದಿನಕ್ಕೊಮ್ಮೆ ಬ್ಯಾಟರಿಯ ಸೂಚನೆ ಬರುತ್ತಿತ್ತು. ಬ್ಯಾಟರಿಯ ಮೈನಸ್ ಕಂಬದ ಮೇಲೆ ಬೆಂಕಿಪೊಟ್ಟಣದಷ್ಟು ಕಪ್ಪು ಸೆನ್ಸರ್ ಇತ್ತು. ಒಳಗೆ ಹೋದ, ಹೊರಗೆ ಬಂದ ಪ್ರತಿ ಆಂಪಿಯರನ್ನೂ ಎಣಿಸುವುದು ಅದೇ. ಹೊಸ ಅರ್ತ್ ಕೇಬಲನ್ನು ಸೆನ್ಸರಿಗೂ ಮುಂಚೆ, ಕಂಬಕ್ಕೇ ಬಿಗಿದಿದ್ದರು. ಆ ದಾರಿಯಲ್ಲಿ ಬಂದುಹೋದ ಕರೆಂಟ್ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಮೇಸ್ತ್ರಿ ಹತ್ತರ ಸ್ಪ್ಯಾನರ್ ತಂದು ಕೇಬಲನ್ನು ಕಂಬದಿಂದ ಬಿಚ್ಚಿದರು. ಕಾರಿನವರದೇ ಅರ್ತ್ ವೈರು ಬಾಡಿಗೆ ಸೇರುವ ಬೋಲ್ಟಿನ ಸುತ್ತ ಪೇಂಟು ಕೆರೆದು, ಅಲ್ಲಿಗೆ ಬಿಗಿದರು.